ತಿಳಿನೀರೆಲ್ಲ ಮೀನಿಗೆ ಒಳ್ಳೆಯ ನೀರಲ್ಲ

ಮಲೆನಾಡಿನಲ್ಲಿ ಮಳೆ ಜೋರಾದರೆ ಹೊಸಪೇಟೆಯ ಜಲಾಶಯಕ್ಕೆ ಕೆಂಪು ನೀರು ಬಂದು ಸೇರುತ್ತದೆ. ಕೆಲವು ವರ್ಷ ಇದೇ ಹಿನ್ನೀರು ಪಾಚಿಯಿಂದ ಹಸಿರುಗಟ್ಟಿದ್ದೂ ಉಂಟು. ಕಟ್ಲಾ, ರೋಹು ಮೀನುಗಳು ಇಂಥ ನೀರಿನಲ್ಲೇ ಬೆಳೆದು ಕೆ.ಜಿ.ಗಟ್ಟಲೆ ತೂಗುತ್ತವೆ. ಅದೇ ಊರಿನ ನಡುಮನೆಯ ಗಾಜಿನ ತೊಟ್ಟಿಯಲ್ಲಿ ನೀರು ಕನ್ನಡಿಯಂತಿದ್ದರೂ ಅಂಗಡಿಯಿಂದ ತಂದ ಗೋಲ್ಡ್‌ಫಿಶ್ ವಾರ ತುಂಬುವುದರೊಳಗೆ ಹೊಟ್ಟೆ ಮೇಲಾಗಿ ತೇಲುವುದುಂಟು. ಮನೆಯವರು ನೀರು ಕೆಟ್ಟಿತೆಂದುಕೊಂಡು ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಹೊಸ ಮೀನು ಬಿಡುತ್ತಾರೆ. ಅದೂ ಸಾಯುತ್ತದೆ. ಇಲ್ಲಿ ಎಷ್ಟೋ ಸಲ ಮೀನನ್ನು ಕೊಲ್ಲುವುದು ಕೊಳೆಯಲ್ಲ, ಈ ಅತಿ ಶುಚಿತ್ವವೇ.

ಮೀನು ತನ್ನ ದೇಹದ ಕಲ್ಮಶವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಅದಕ್ಕೆ ಬಣ್ಣವಿಲ್ಲ, ಮೀನು ಸಾಯುವಷ್ಟು ಸೇರಿದಾಗಲೂ ನೀರು ತಿಳಿಯಾಗಿಯೇ ಕಾಣಬಹುದು. ಈ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ಅಪಾಯಕಾರಿಯೇ: ಅದು ರಕ್ತಕ್ಕೆ ಸೇರಿದರೆ ನೀರಿನಲ್ಲಿ ಆಮ್ಲಜನಕವಿದ್ದರೂ ಮೀನಿನ ರಕ್ತ ಅದನ್ನು ಹೊರಲಾರದು. ಕೊನೆಯಲ್ಲಿ ಉಳಿಯುವ ನೈಟ್ರೇಟ್ ತುಂಬ ಹೆಚ್ಚಾಗದ ಹೊರತು ಹಾನಿ ಮಾಡದು. ತೊಟ್ಟಿಯ ಗಿಡಗಳಿಗೆ ಅದು ಗೊಬ್ಬರವೂ ಹೌದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಫಿಲ್ಟರಿನ ಸ್ಪಾಂಜ್, ತಳದ ಹರಳುಗಲ್ಲು, ಗಾಜಿನ ಗೋಡೆಗೆ ಅಂಟಿಕೊಂಡಿರುವುದೇ ಹೆಚ್ಚು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಸ್ಪಾಂಜನ್ನು ತಿಕ್ಕಿದರೆ ಆ ವಾರಗಳ ಫಲವೆಲ್ಲ ಚರಂಡಿಗೆ ಹೋಗುತ್ತದೆ. ಸ್ಪಾಂಜ್ ಕಟ್ಟಿಕೊಂಡಾಗ, ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ಹಿಂಡಿದರೆ ಸಾಕು.

ಹೊಳೆ, ಕೆರೆಯ ಮೀನಿಗೆ ಯಾರು ಫಿಲ್ಟರ್ ಹಾಕುತ್ತಾರೆ ಎಂಬ ಆಕ್ಷೇಪ ಸಾಮಾನ್ಯ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದ ಮೇಲೂ ಸುಮಾರು 105 ಟಿ.ಎಂ.ಸಿ. ನೀರು ನಿಲ್ಲುತ್ತದೆ, ಒಂದು ಟಿ.ಎಂ.ಸಿ. ಎಂದರೆ ಸುಮಾರು 2,831 ಕೋಟಿ ಲೀಟರ್. ಅಲ್ಲಿ ಮೀನು ಬಿಟ್ಟ ಕಲ್ಮಶ ಲೆಕ್ಕಕ್ಕೇ ಸಿಗದಷ್ಟು ತೆಳುವಾಗುತ್ತದೆ, ತಳದ ಮಣ್ಣಿನಲ್ಲಿ ಇದೇ ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರವಿದೆ, ಸಾಲದ್ದಕ್ಕೆ ಪ್ರತಿ ಮಳೆಗಾಲ ಹೊಸ ನೀರು ಬರುತ್ತದೆ. ಮನೆಯ 60 ಲೀಟರಿನ ತೊಟ್ಟಿಗೆ ಈ ಯಾವ ಅನುಕೂಲವೂ ಇಲ್ಲ. ಅದಕ್ಕೆ ಬೇಕಾದ ಕ್ರಮ ಹಂಪಿಯ ಗದ್ದೆ, ಬಾಳೆತೋಟಗಳಿಗೆ ವಿಜಯನಗರದ ಕಾಲದಿಂದ ನೀರುಣಿಸುತ್ತಿರುವ ತುರ್ತಾ ಕಾಲುವೆಯದು: ಹಳೆಯದು ಸ್ವಲ್ಪ ಹೋಗಬೇಕು, ಹೊಸದು ಸ್ವಲ್ಪ ಬರಬೇಕು. ವಾರಕ್ಕೊಮ್ಮೆ ಕಾಲು ಭಾಗ, ಅಂದರೆ 15 ಲೀಟರಿನ ಒಂದು ಬಕೆಟ್, ಬದಲಿಸಿದರೆ ನೈಟ್ರೇಟ್ ಮಿತಿಯಲ್ಲಿರುತ್ತದೆ, ಮೀನಿಗೂ ಆಘಾತವಾಗದು.

ಹಾಗಾದರೆ ಸುರಿಯುವ ನೀರು ಯಾವುದು? ಹೊಸಪೇಟೆಯ ನಲ್ಲಿಯಲ್ಲಿ ಬರುವುದು ತುಂಗಭದ್ರೆಯ ನೀರೇ. ಅದರಲ್ಲಿರುವ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ, ಇಲ್ಲವೇ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಬಹುದು. ಸಂಡೂರು, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರನ್ನೇ ನಂಬಿದವರು ಗಡಸು ನೀರೆಂದು ಹೆದರುತ್ತಾರೆ. ಗಪ್ಪಿ, ಮೋಲಿಗಳಿಗೆ ಗಡಸು ನೀರೇ ಹಿತ. ಅಪಾಯವಿರುವುದು ಇದ್ದಕ್ಕಿದ್ದಂತೆ ಬದಲಿಸುವುದರಲ್ಲಿ. ತಿಂಗಳುಗಟ್ಟಲೆ ಮುಟ್ಟದ ತೊಟ್ಟಿಯ ನೀರು ಮೆಲ್ಲಗೆ ಆಮ್ಲೀಯವಾಗುತ್ತದೆ, ಪಿ.ಎಚ್. 7 ಅಥವಾ ಅದಕ್ಕಿಂತ ಕಡಿಮೆ ಇರುವಾಗ ಅಮೋನಿಯಾದ ಹೆಚ್ಚುಪಾಲು ಅಷ್ಟಾಗಿ ವಿಷವಲ್ಲದ ರೂಪದಲ್ಲಿರುತ್ತದೆ. 25 ಡಿಗ್ರಿಯಲ್ಲಿ ಪಿ.ಎಚ್. 7 ಇದ್ದಾಗ ಅದರ ವಿಷರೂಪ ಶೇ. 1ಕ್ಕೂ ಕಡಿಮೆ, 8 ಆದರೆ ಸುಮಾರು ಶೇ. 5. ಅಂಥ ತೊಟ್ಟಿಗೆ ಅರ್ಧದಷ್ಟು ಕ್ಷಾರೀಯ ಬೋರ್‌ವೆಲ್ ನೀರು ಸುರಿದರೆ, ಉಳಿದ ಅಮೋನಿಯಾ ಒಮ್ಮೆಲೇ ಹೆಡೆಯೆತ್ತುತ್ತದೆ. ‘ನೀರು ಬದಲಿಸಿದ ಮರುದಿನವೇ ಸತ್ತವು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಇನ್ನು ಕೆಲವರು ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತಂದು ತುಂಬುತ್ತಾರೆ. ಮನುಷ್ಯರಿಗೆ ಒಳ್ಳೆಯದು ಮೀನಿಗೇಕಲ್ಲ ಎಂಬ ವಾದ ಕೇಳಲು ಸರಿಯೇ. ಆದರೆ ಆರ್.ಒ. ಯಂತ್ರ ಲವಣಗಳನ್ನು ಬಹುಪಾಲು ತೆಗೆದುಬಿಡುವುದರಿಂದ ಆ ನೀರಿಗೆ ಪಿ.ಎಚ್. ಹಿಡಿದಿಡುವ ಶಕ್ತಿಯೇ ಇರುವುದಿಲ್ಲ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಅದಕ್ಕೆ ಬೆರೆಸಿಕೊಳ್ಳಿ, ಆರ್.ಒ. ನೀರೊಂದನ್ನೇ ತುಂಬಬೇಡಿ.

ಬಿಸಿಲಿನ ಮಾತು ಬೇರೆ. ಏಪ್ರಿಲ್–ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ತಾಪ 40 ಡಿಗ್ರಿ ದಾಟುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಹಿಡಿಯುವುದು ಏಳೂವರೆ ಮಾತ್ರ. ಅತ್ತ ಬಿಸಿ ಏರಿದಷ್ಟೂ ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಅದರ ನಡುವೆ ಕರೆಂಟ್ ಹೋಗಿ ಗಾಳಿ ಪಂಪ್ ನಿಂತರೆ ಮೀನಿನ ಜೊತೆ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟುತ್ತವೆ. ಬ್ಯಾಟರಿಯ ಪುಟ್ಟ ಪಂಪ್ ಇಲ್ಲಿ ಐಷಾರಾಮವಲ್ಲ. ಬೇಸಿಗೆಯಲ್ಲಿ ಆಹಾರವನ್ನೂ ಕಡಿಮೆ ಮಾಡಬೇಕು.

ಇಷ್ಟೆಲ್ಲ ರಸಾಯನಶಾಸ್ತ್ರ ಯಾರಿಗೆ ಬೇಕು ಎನ್ನುವವರಿಗೆ ಒಂದೇ ಸಲಹೆ. ಹೊಸ ತೊಟ್ಟಿಗೆ ಮೀನು ಬಿಡದೆಯೇ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಆಹಾರ ಉದುರಿಸಿ ಬ್ಯಾಕ್ಟೀರಿಯಾ ಬೆಳೆಯಲು ಬಿಡಿ. ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಕೊಳ್ಳಿ. ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದ ಮೇಲೆಯೇ ಮೀನು ತನ್ನಿ, ಅದೂ ಮೊದಲು ಎರಡೋ ಮೂರೋ.