ಕಣ್ಕಟ್ಟಿನ ಪ್ರಾಮಾಣಿಕತೆ

ಇಂದ್ರಜಾಲವನ್ನು ನಾನು ಬಹುಕಾಲ ಮಕ್ಕಳ ಮನರಂಜನೆಯೆಂದೇ ಎಣಿಸಿದ್ದೆ. ನಿವೃತ್ತಿಯ ನಂತರ ಮಾಂಡೂಕ್ಯಕಾರಿಕೆಯ ಶಾಂಕರಭಾಷ್ಯವನ್ನು ಓದುವಾಗ ಆ ಎಣಿಕೆ ಸಡಿಲವಾಯಿತು. ಅಲ್ಲೊಬ್ಬ ಮಾಯಾವಿಯ ದೃಷ್ಟಾಂತವಿದೆ. ಆಕಾಶಕ್ಕೆ ದಾರವನ್ನೆಸೆದು, ಆಯುಧಸಹಿತ ಅದನ್ನೇರಿ ಕಣ್ಮರೆಯಾಗುತ್ತಾನೆ. ಯುದ್ಧದಲ್ಲಿ ತುಂಡುತುಂಡಾಗಿ ಕೆಳಗೆ ಬಿದ್ದು ಮತ್ತೆ ಎದ್ದು ನಿಲ್ಲುತ್ತಾನೆ. ನಿಜವಾದ ಮಾಯಾವಿಯಾದರೋ ನೆಲವನ್ನು ಬಿಟ್ಟು ಕದಲಿರುವುದೇ ಇಲ್ಲ, ಯಾರಿಗೂ ಕಾಣದಂತೆ ಅಲ್ಲಿಯೇ ನಿಂತಿರುತ್ತಾನೆ.

ವೇದಾಂತಿಗೆ ಇದರಲ್ಲಿ ಕಂಡದ್ದು ಪರಮಾರ್ಥ. ಅರ್ಥಶಾಸ್ತ್ರ ಓದಿದ ನನಗೆ ಕಂಡದ್ದು ಅಷ್ಟು ಎತ್ತರದ್ದಲ್ಲ. ಮಾಹಿತಿ ಹೆಚ್ಚಿದಂತೆ ಗಮನವೇ ವಿರಳ ಸಂಪತ್ತಾಗುತ್ತದೆಂದು ಹರ್ಬರ್ಟ್ ಸೈಮನ್ 1971ರಲ್ಲಿ ವಿವರಿಸಿದರು. ಜಾದೂಗಾರರಿಗೆ ಈ ಸತ್ಯ ಎಂದಿನಿಂದಲೂ ಗೊತ್ತು. ಬೀಸುವ ಬಲಗೈಯ ಮೇಲೆ ನಮ್ಮ ಗಮನವೆಲ್ಲ ವ್ಯಯವಾದಾಗ ಎಡಗೈಗೆ ಉಳಿಯುವುದೇನು?

ಸೇವೆಯಲ್ಲಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ಪ್ರಗತಿ ವರದಿಯ ಮೊದಲ ಪುಟದಲ್ಲಿ ಖರ್ಚಾದ ಹಣದ ಶೇಕಡಾವಾರು. ನೀರು ಬಾರದ ಕೊಳವೆಬಾವಿಗಳ ಪಟ್ಟಿ ಕೊನೆಯ ಅನುಬಂಧದಲ್ಲಿ. ಸಭೆಯಲ್ಲಿ ಎಲ್ಲರೂ ತಲೆದೂಗಿದರು, ಅನುಬಂಧವನ್ನು ಯಾರೂ ತೆರೆಯಲಿಲ್ಲ. ಜಾದೂಗಾರನು ಇದು ಕೈಚಳಕವೆಂದು ಮೊದಲೇ ಸಾರಿ ಟಿಕೆಟ್ಟು ಮಾರುತ್ತಾನೆ. ನಾನು ಹಾಗೆ ಸಾರಿರಲಿಲ್ಲ.

ಮೊನ್ನೆ ಮೊಮ್ಮಗ ಅಂಗೈಯಲ್ಲಿ ನಾಣ್ಯ ಮಾಯಮಾಡಿ ತೋರಿಸಿದ. ಅಭ್ಯಾಸಬಲದಿಂದ ಅವನ ಎಡಗೈಯನ್ನೇ ನೋಡುತ್ತಿದ್ದೆ. ಅವನಿಗೆ ಬೇಸರವಾಯಿತು.