ಗೇಟಿನ ಕೆಳಗಿನ ನಿವಾಸಿಗಳು

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಸಿವಿಲ್ ಕ್ಲಾಸಿನಲ್ಲಿ ವಾರವಿಡೀ ಅದೇ ಮಾತು. ಚೈನ್ ಹೇಗೆ ತುಂಡಾಯಿತು, ಸ್ಟಾಪ್‌ಲಾಗ್ ಹೇಗೆ ಇಳಿಸಿದರು ಎಂದೆಲ್ಲ ಚರ್ಚಿಸಿದೆವು. ಕೆಳಗೆ ಬಂಡೆಗಳ ಸಂದಿಯಲ್ಲಿ ಮರಿ ಮಾಡುವ ನೀರುನಾಯಿಗಳು ಯಾರಿಗೂ ನೆನಪಾಗಲಿಲ್ಲ. ನನಗೂ!

ಜಲಾಶಯದ ಕೆಳಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿ 2015ರಿಂದಲೇ ನೀರುನಾಯಿ ಸಂರಕ್ಷಿತ ಪ್ರದೇಶ. ಹಂಪಿಗೆ ಹೋದವರೆಲ್ಲ ಅದರ ದಡದಲ್ಲಿ ಸೆಲ್ಫಿ ತೆಗೆದುಕೊಂಡಿರುತ್ತಾರೆ, ಗೊತ್ತಿರುವುದಿಲ್ಲ ಅಷ್ಟೇ.

ಕಳೆದ ಬೇಸಿಗೆಯಲ್ಲಿ ಮೀನು ಹಿಡಿಯುವ ದೊಡ್ಡಪ್ಪನ ಜೊತೆ ಹರಿಗೋಲು ಹತ್ತಿದ್ದೆ. ಬಂಡೆಯ ಮೇಲಿದ್ದ ಹಿಕ್ಕೆ ತೋರಿಸಿ, ‘ತಮ್ಮಾ, ಇದರಾಗ ಮೀನಿನ ಹುರುಪಿ ಅದಾವ ನೋಡು. ನೀರುನಾಯಿದು. ನನ್ನ ಬಲಿ ಹರಿಯೋದೂ ಇವೇ’ ಎಂದರು.

ಹಿಕ್ಕೆ ಎಲ್ಲಿದೆ, ಹಸಿಯೋ ಒಣಗಿದ್ದೋ ಎಂದು ಪ್ರತಿವಾರ ಬರೆದಿಟ್ಟರೆ, ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಅದರ ಓಡಾಟ ತಿಳಿಯುತ್ತದೆ. ಜಲಾಶಯದ ಒಳಹರಿವು, ಹೊರಹರಿವು ಪತ್ರಿಕೆಯಲ್ಲೇ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಎಷ್ಟು ನೀರು ಬಿಟ್ಟಾಗ ಬಿಲಗಳು ಮುಳುಗುತ್ತವೆ, ಎಷ್ಟು ಕಡಿಮೆಯಾದಾಗ ಹೊಳೆ ಬರೀ ಮಡುಗಳಾಗಿ ಒಡೆಯುತ್ತದೆ ಎಂಬ ಅಂದಾಜು ಸಿಕ್ಕೀತು.

ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ ಎಂದಾಗ ಗೈಡ್ ಕೇಳಿದ್ದು: ‘ಪ್ಲೇಸ್‌ಮೆಂಟ್‌ಗೆ ಏನಪ್ಪಾ ಉಪಯೋಗ?’

‘ಗೇಟ್ ಎತ್ತುವ ಎಂಜಿನಿಯರ್‌ಗೆ ಉಪಯೋಗ ಸರ್’ ಎಂದೆ. ನಕ್ಕರು. ಸಹಿ ಮಾತ್ರ ಇನ್ನೂ ಹಾಕಿಲ್ಲ.

ದೊಡ್ಡಪ್ಪ ಒಪ್ಪಿದ್ದಾರೆ, ಹರಿಗೋಲೂ ಕೊಡುತ್ತಾರಂತೆ. ಆದರೆ ಹರಿದ ಬಲೆಗಳ ಲೆಕ್ಕವನ್ನೂ ಬರೆಯಬೇಕೆಂಬುದು ಅವರ ಷರತ್ತು. ಅದಕ್ಕೂ ಒಂದು ಕಾಲಂ ಹಾಕಿದ್ದೇನೆ.