ಪರದೇಶದ ಪಡೆ, ಊರಿನ ಕಾವಲು

2021ರ ಆಗಸ್ಟ್ 15ರಂದು ತಾಲಿಬಾನಿಗಳು ಕಾಬೂಲ್ ಪ್ರವೇಶಿಸಿದಾಗ ಜಗತ್ತು ಕೇಳಿದ ಪ್ರಶ್ನೆ ಒಂದೇ: ಅಮೆರಿಕ ಇಪ್ಪತ್ತು ವರ್ಷ ತರಬೇತಿ ಕೊಟ್ಟು ಕಟ್ಟಿದ ಸೈನ್ಯ ಎಲ್ಲಿ ಹೋಯಿತು? ಅಫ್ಘನ್ ಭದ್ರತಾ ಪಡೆಗಳಿಗಾಗಿ ಅದು ಸುರಿದದ್ದು ಸುಮಾರು 8,800 ಕೋಟಿ ಡಾಲರ್. ಆ ಸೈನಿಕರು ಬಂದೂಕು ಹಿಡಿಯಲು ಬಾರದೆ ಸೋತವರಲ್ಲ. ಎಷ್ಟೋ ಠಾಣೆಗಳಿಗೆ ಸಂಬಳವೂ ಆಹಾರವೂ ತಲುಪುತ್ತಿರಲಿಲ್ಲ. ಕಾಬೂಲಿನ ಸರ್ಕಾರ ತಮ್ಮದೆಂಬ ಭಾವವೂ ಅವರಲ್ಲಿ ಗಟ್ಟಿಯಾಗಿರಲಿಲ್ಲ.

ಹಳೇಬೀಡಿನವನಾದ ನನಗೆ ಈ ಪ್ರಶ್ನೆ ಬಹು ದೂರದ್ದೆಂದು ತೋರುವುದಿಲ್ಲ. ನಮ್ಮೂರಿಗೆ ಬರುವ ಪ್ರವಾಸಿಗರು 1311ರ ಮಲಿಕ್ ಕಾಫರನ ದಾಳಿಯ ಕಥೆ ಕೇಳಿಕೊಂಡು ಬಸ್ಸು ಹತ್ತುತ್ತಾರೆ. ಬೇಲೂರು ದಾಟಿ ಸಕಲೇಶಪುರದತ್ತ ಸಾಗಿದರೆ ಸಿಗುವ ಇನ್ನೊಂದು ಯುದ್ಧದ ಕಥೆಯನ್ನು ಹೇಳುವವರು ಕಡಿಮೆ. ಅದು ಬಲಂ ಸೀಮೆಯ ಕಥೆ. ಕೆರೆ-ಗದ್ದೆಗಳ ಬಯಲು ಮುಗಿದು ಕಾಡುಗುಡ್ಡಗಳು ಏಳುವ ಈ ನಾಡನ್ನು ಐಗೂರಿನ ಪಾಳೆಯಗಾರ ನಾಯಕರು ಆಳುತ್ತಿದ್ದರು. ಅವರ ಮೇಲೆ ಕಣ್ಣಿಡಲು ಟಿಪ್ಪು ಇಲ್ಲಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ. ಅದರ ವಿನ್ಯಾಸವೂ ಪರದೇಶದ್ದೇ, ಫ್ರೆಂಚರ ಮಾದರಿಯದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಐಗೂರಿನ ನಾಯಕ ಯಾರಿಗೂ ತಲೆಬಾಗಲು ಒಪ್ಪಲಿಲ್ಲ. ಅವನ ನೆಲೆ ಅರಕೆರೆ. ನಮ್ಮ ಅರಸೀಕೆರೆಯೊಡನೆ ಇದನ್ನು ಬೆರೆಸಿಕೊಳ್ಳಬಾರದು. ಇದು ದಟ್ಟ ಕಾಡು ಸುತ್ತುವರಿದ ಸ್ಥಳ. 1800ರಲ್ಲಿ ಕಂಪನಿ ಸೈನ್ಯ ಮೊದಲ ಪ್ರಯತ್ನದಲ್ಲಿ ಮುಗ್ಗರಿಸಿತು, ಎರಡನೆಯದರಲ್ಲಿ ಗೆದ್ದಿತು. ಸೈನ್ಯ ಹಿಂದಿರುಗಿದೊಡನೆ ನಾಯಕ ಮತ್ತೆ ಕಾಡಿನೊಳಗೆ ಬೇರೂರಿದ. ಕೊನೆಗೆ ಆರ್ಥರ್ ವೆಲ್ಲೆಸ್ಲಿಯೇ ಬರಬೇಕಾಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಮಣಿಸಿದ ಸೇನಾನಿ ಇವನೇ. 1802ರ ಜನವರಿ 16ರಂದು ಅರಕೆರೆಯ ಮೇಲೆ ಮೂರು ಕಡೆಯಿಂದ ದಾಳಿ ನಡೆಯಿತು. ತಪ್ಪಿಸಿಕೊಂಡ ನಾಯಕ ಫೆಬ್ರವರಿಯಲ್ಲಿ ಮೈಸೂರಿನ ಸವಾರರ ಕೈಗೆ ಸಿಕ್ಕಿದ. ಕೆಲವು ಸಹಚರರೊಡನೆ ಅವನನ್ನು ಗಲ್ಲಿಗೇರಿಸಲಾಯಿತು.

ನಾಯಕನನ್ನು ಹಿಡಿದದ್ದು ಮೈಸೂರಿನ ಸವಾರರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ದಿವಾನ್ ಪೂರ್ಣಯ್ಯನವರ ಪಡೆ ಈ ಕಾರ್ಯಾಚರಣೆಯಲ್ಲಿ ಕಂಪನಿಯ ಜೊತೆಗಿತ್ತು. ಇಂದಿನ ಅರ್ಥದ ತರಬೇತಿ ಶಿಬಿರಗಳು ಆಗ ಇರಲಿಲ್ಲ. ಪರದೇಶದ ಪಡೆಯ ಪಕ್ಕದಲ್ಲಿ ನಿಂತು ಹೋರಾಡುವುದೇ ತರಬೇತಿ. ಕಾಡು ಕಡಿದು ದಾರಿ ಮಾಡುವುದು, ಹಳ್ಳಿಗಳ ಮುಳ್ಳುಬೇಲಿ ಕೀಳಿಸುವುದು, ಆಯುಧ ಕಸಿಯುವುದು ವೆಲ್ಲೆಸ್ಲಿಯ ಕ್ರಮ. ಅದು ಕ್ರೂರವೂ ಹೌದು, ಪರಿಣಾಮಕಾರಿಯೂ ಹೌದು. ಆದರೆ ಅದರಿಂದಲೇ ನಾಡು ಶಾಂತವಾಯಿತೆಂದು ನಾನು ನಂಬುವುದಿಲ್ಲ. ಗೆದ್ದ ಊರನ್ನು ಬಿಟ್ಟು ಹೊರಟರೆ ಏನಾಗುತ್ತದೆಂಬುದು 1800ರಲ್ಲಿಯೇ ಗೊತ್ತಾಗಿತ್ತು.

ಉಳಿದ ಕೆಲಸ ಪೂರ್ಣಯ್ಯನವರದು. ಟಿಪ್ಪುವಿನ ಸೈನ್ಯ ಚದುರಿದಾಗ ಸಾವಿರಾರು ಯೋಧರು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಇಂತಹವರೇ ದಂಗೆಗೆ ಉರುವಲು. ಧೋಂಡಿಯಾ ವಾಘನ ಹಿಂದೆ ಹೋದವರಲ್ಲಿ ಇವರೂ ಇದ್ದರು. ಪೂರ್ಣಯ್ಯ ಇಂತಹ ಎಷ್ಟೋ ಮಂದಿಯನ್ನು ಕಂದಾಚಾರಕ್ಕೆ ಸೇರಿಸಿಕೊಂಡರು. ಕಂದಾಚಾರವೆಂದರೆ ಊರೂರಿನ ಕಾವಲು ಪಡೆ. ಅಮಲ್ದಾರನ ಕೈಕೆಳಗೆ ಕೆಲಸ, ಸ್ವಲ್ಪ ಸಂಬಳ, ಜೊತೆಗೆ ಉಳುಮೆಗೆ ನೆಲ. ಇಂತಹವರು ಸುಮಾರು 20,000 ಮಂದಿ ಇದ್ದರು. ಸಿಲ್ಲೇದಾರ ಸವಾರನಂತೂ ಕುದುರೆಯನ್ನೂ ಆಯುಧವನ್ನೂ ತಾನೇ ತರಬೇಕಿತ್ತು. ಕುದುರೆ ಸತ್ತರೆ ನಷ್ಟ ಅವನದೇ. ಹೀಗಾಗಿ ಸಂಬಳ ತಡವಾದರೆ ಮೊದಲು ಸಡಿಲವಾಗುವುದು ಅವನ ನಿಷ್ಠೆ. ಪೂರ್ಣಯ್ಯ ಅದನ್ನು ಬಲ್ಲವರಾಗಿದ್ದರು. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಸವಾರರು ವೆಲ್ಲೆಸ್ಲಿಯ ಜೊತೆ ನಡೆದರು, ಆದರೆ ಅವರ ನಾಯಕತ್ವ ಬಿಷ್ಟಪ್ಪ ಪಂಡಿತನದಾಗಿತ್ತು.

ಊರಿನವನಿಗೆ ಊರಿನಲ್ಲಿ ನೆಲ ಕೊಟ್ಟು, ಊರಿನ ಅಧಿಕಾರಿಯ ಕೈಕೆಳಗೆ ಇರಿಸುವುದಕ್ಕೂ, ಹೊರಗಿನವರು ಬಂದು ತಮ್ಮ ಅಗತ್ಯಕ್ಕೆ ಪಡೆ ಕಟ್ಟುವುದಕ್ಕೂ ಇರುವ ಅಂತರ ನಾವೇ ಅನುಭವಿಸಿ ಕಂಡದ್ದು. ಶ್ರೀಲಂಕಾಕ್ಕೆ 1987ರಲ್ಲಿ ಹೋದ ಭಾರತದ ಶಾಂತಿಪಾಲನಾ ಪಡೆ, ತಾನು ಹೊರಟ ಮೇಲೆ ಉತ್ತರ-ಪೂರ್ವದ ಪ್ರಾಂತೀಯ ಸರ್ಕಾರವನ್ನು ಕಾಯಲೆಂದು ತಮಿಳು ರಾಷ್ಟ್ರೀಯ ಸೇನೆಯನ್ನು ಕಟ್ಟಲು ನೆರವಾಯಿತು. ಅದಕ್ಕೆ ಅನೇಕ ತರುಣರನ್ನು ಬಲವಂತವಾಗಿ ಸೇರಿಸಲಾಗಿತ್ತು. 1990ರ ಮಾರ್ಚಿನಲ್ಲಿ ನಮ್ಮ ಸೈನ್ಯ ಹಿಂದಿರುಗುವ ಹೊತ್ತಿಗೆ ಎಲ್‌ಟಿಟಿಇ ಆ ಪಡೆಯನ್ನು ಪುಡಿಮಾಡಿತ್ತು. ಕಾಬೂಲಿನ ಬಗ್ಗೆ ಅಮೆರಿಕನ್ನರನ್ನು ಲೇವಡಿ ಮಾಡುವ ನಮ್ಮ ಟೀವಿ ಚರ್ಚೆಗಳಲ್ಲಿ ಇದನ್ನು ನೆನೆದವರು ವಿರಳ.

ಹಾಗೆಂದು ಮೈಸೂರಿನ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವುದೂ ತಪ್ಪು. 1799ರ ಒಪ್ಪಂದದಂತೆ ಕಂಪನಿ ಸೈನ್ಯದ ವೆಚ್ಚಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ತೆರಬೇಕಿತ್ತು. 1807ರ ಒಪ್ಪಂದ ಅದರ ಮೇಲೆ 4,000 ಸವಾರರನ್ನು ಸಾಕುವ ಹೊಣೆಯನ್ನೂ ಹೊರಿಸಿತು. ಆ ಸವಾರರು ಮೈಸೂರಿನ ಕಾವಲಿಗಷ್ಟೇ ಅಲ್ಲ, ಕಂಪನಿಯ ಯುದ್ಧಗಳಿಗೂ ಸಿದ್ಧರಿರಬೇಕಿತ್ತು. ಪೂರ್ಣಯ್ಯನವರ ಬಿಗಿಯಾದ ಲೆಕ್ಕ ಮುಂದಿನವರಿಗೆ ಇರಲಿಲ್ಲ. ಸೈನಿಕರ ಸಂಬಳ ಬಾಕಿ ಬಿತ್ತು, ಕಂದಾಯ ವಸೂಲಿ ಬಿರುಸಾಯಿತು. 1830ರಲ್ಲಿ ನಗರದ ರೈತರು ಕೂಟ ಸೇರಿ ಕಂದಾಯ ಕೊಡೆವೆಂದರು. ಬೂದಿ ಬಸಪ್ಪ ಮತ್ತು ತರೀಕೆರೆಯ ಪಾಳೆಯಗಾರ ದಂಗೆಯ ಮುಂಚೂಣಿಗೆ ಬಂದರು. ಸಂಬಳವಿಲ್ಲದ ಪಡೆಯಿಂದ ಅದನ್ನು ಅಡಗಿಸಲು ಆಗದೆ ಅರಸರು ಕಂಪನಿ ಸೈನ್ಯವನ್ನು ಕರೆಯಬೇಕಾಯಿತು. ಬಂದವರು ದಂಗೆಯನ್ನು ಅಡಗಿಸಿದರು, 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ.